ಅಮ್ಮ ಚಪ್ಪಲಿ ಬಿಟ್ಟು ಹತ್ತಿದ ಮೆಟ್ಟಿಲು

ಮಗಳು ಒಂದನೇ ಕ್ಲಾಸಿನಲ್ಲಿ ಏನು ಕಲಿಯುತ್ತಿದ್ದಾಳೆ ಎಂದು ಆಫೀಸಿನಲ್ಲಿ ಯಾರಾದರೂ ಕೇಳಿದರೆ, 'ಇಂಗ್ಲಿಷಿನಲ್ಲಿ ಬಣ್ಣಗಳ ಹೆಸರು, ಗಣಿತದಲ್ಲಿ ಎಣಿಕೆ, ಆಟದ ಪೀರಿಯಡ್ಡಿನಲ್ಲಿ ಎಡಗಾಲು ಬಲಗಾಲು, ಇಷ್ಟೇ ಕಣ್ರೀ' ಎನ್ನುತ್ತಿದ್ದೆ.

ದೇಶದ ರಾಜಧಾನಿಯಲ್ಲಿ ನಾವಿದ್ದ ರೋಹಿಣಿ ಬಡಾವಣೆಗೆ ಮೆಟ್ರೋ ಬಂದ ಹೊಸತು. ದಾವಣಗೆರೆಯಿಂದ ಬಂದಿದ್ದ ಅಮ್ಮನಿಗೆ ರೈಲು ತೋರಿಸೋಣವೆಂದು ಮಗಳನ್ನೂ ಕರೆದುಕೊಂಡು ಹೊರಟೆ. ಸ್ಟೇಷನ್ನು ಫಳಫಳ ಹೊಳೆಯುತ್ತಿತ್ತು. ಎಸ್ಕಲೇಟರಿನ ಮುಂದೆ ಅಮ್ಮ ಗಕ್ಕನೆ ನಿಂತು, ಚಪ್ಪಲಿ ಕಳಚಿ ಬದಿಗಿಟ್ಟರು.

'ಇಷ್ಟು ಚೊಕ್ಕ ಐತಲ್ಲೋ, ತುಳಿಯೋದು ಹೆಂಗೆ?'

ಬರಿಗಾಲನ್ನು ಮುಂದಿಟ್ಟರು. ಮೆಟ್ಟಿಲು ಓಡುವುದನ್ನು ಕಂಡು ಹಿಂದಕ್ಕೆ ತೆಗೆದರು. ನಮ್ಮ ಹಿಂದೆ ಸಾಲು ಬೆಳೆಯಿತು. ಗಾರ್ಡ್ 'ಚಲಿಯೇ ಮಾತಾಜಿ' ಎಂದು ಹಿಂದಿಯಲ್ಲಿ ಮುಂದೆ ನಡೆಯಲು ಅವಸರಿಸಿದ. ನಾನು ಕೈ ಎಳೆದಷ್ಟೂ ಅಮ್ಮ ಕಾಲೂರಿ ನಿಂತರು.

'ನಾ ಒಲ್ಲೆ. ಮನೆಗೆ ನಡಿ.'

ಆಗ ಮಗಳು ಅಜ್ಜಿಯ ಇನ್ನೊಂದು ಕೈ ಹಿಡಿದಳು. 'ಅಜ್ಜಿ, ಯೆಲ್ಲೋ ಲೈನ್ ಮೇಲೆ ಬೇಡ, ಬೀಚ್ ಮೇ, ನಡುವೆ ಕಾಲಿಡು. ಮೊದಲು ರೈಟ್ ಕಾಲು. ಒನ್, ಟೂ, ಥ್ರೀ.'

ಥ್ರೀ ಎನ್ನುವಷ್ಟರಲ್ಲಿ ಇಬ್ಬರೂ ಮೇಲೇರುತ್ತಿದ್ದರು. ಅಮ್ಮನ ಮುಖದಲ್ಲಿ ಹೆದರಿಕೆ ಹೋಗಿ ನಗು ಬಂದಿತ್ತು. ಹಿಂದೆ ನಿಂತಿದ್ದ ನಾನು, ನೋಡಿಯೇ ಇರದ ಆ ಟೀಚರಮ್ಮನಿಗೆ ಮನಸ್ಸಿನಲ್ಲೇ ಕೈ ಮುಗಿದೆ, ಮೂರೂ ವಿಷಯಕ್ಕೆ ಸೇರಿಸಿ.

ಮೇಲೆ ತಲುಪಿದ ಮೇಲೆ ಅಮ್ಮನಿಗೆ ಚಪ್ಪಲಿ ನೆನಪಾಯಿತು. ಬಗ್ಗಿ ನೋಡಿದರೆ ಗಾರ್ಡ್ ಆಗಲೇ ಅವನ್ನು ಕೆಳಗಿನ ಮೆಟ್ಟಿಲ ಮೇಲೆ ಇಟ್ಟು ಕಳಿಸಿದ್ದ. ಹಳದಿ ಗೆರೆ ತಾಕದೆ, ಎಡ ಬಲ ತಪ್ಪದೆ, ಜೋಡಿಯಾಗಿ ನಿಂತುಕೊಂಡು ಅವು ಮೇಲೆ ಬಂದವು.

ಮಗಳು ಅವಕ್ಕೂ 'ವೆರಿ ಗುಡ್' ಎಂದಳು.