ಅತ್ತೆಯ ಮೊದಲ ಖಾರಾಬಾತ್

ಚಾಮರಾಜಪೇಟೆಯ ಶಾಲೆಯೊಂದರಲ್ಲಿ ನಾನು ವಿಜ್ಞಾನ ಹೇಳಿಕೊಡುತ್ತೇನೆ. ಮನೆ ತ್ಯಾಗರಾಜನಗರದಲ್ಲಿ. ಮದುವೆಯಾಗಿ ಬಂದ ಹೊಸದರಲ್ಲೇ ನನಗೊಂದು ಅಭ್ಯಾಸ ಅಂಟಿಕೊಂಡಿತು. ಶಾಲೆಯ ಹಿಂದಿನ ರಸ್ತೆಯಲ್ಲಿ ಒಂದು ಸಣ್ಣ ಹೋಟೆಲಿದೆ. ಸಂಜೆ ನಾಲ್ಕರ ಸುಮಾರಿಗೆ ಅಲ್ಲಿ ಎರಡನೇ ಸಲ ಖಾರಾಬಾತ್ ಒಲೆಯಿಂದ ಇಳಿಯುತ್ತದೆ. ಬಸ್ಸು ಹತ್ತುವ ಮುಂಚೆ ನಿಂತುಕೊಂಡೇ ಒಂದು ಪ್ಲೇಟ್ ತಿಂದು, ಕಾಫಿ ಕುಡಿದು ಹೊರಡುತ್ತಿದ್ದೆ. ಇದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ ಅಂತ ಇಪ್ಪತ್ತೇಳು ವರ್ಷ ನಂಬಿಕೊಂಡಿದ್ದೆ.

ಮುಚ್ಚಿಡಲು ಕಾರಣವಿತ್ತು. ನಮ್ಮ ಮಾವನವರು ಹೊರಗಿನ ಅಡಿಗೆ ಮುಟ್ಟುವವರಲ್ಲ. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದರು, ಮನೆಯಿಂದಲೇ ಡಬ್ಬಿ ಒಯ್ಯುತ್ತಿದ್ದರು. ರೈಲಿನಲ್ಲಿ ಎರಡು ದಿನದ ಪ್ರಯಾಣವಾದರೂ ಚಪಾತಿ, ಚಟ್ನಿಪುಡಿ, ಹುರಿದ ಅವಲಕ್ಕಿ ಕಟ್ಟಿಕೊಂಡೇ ಹೋಗಬೇಕು. ಅವರು ತೀರಿಕೊಂಡು ಒಂಬತ್ತು ವರ್ಷವಾಯಿತು, ನಿಯಮ ಮಾತ್ರ ಹಾಗೇ ಉಳಿದಿತ್ತು. ನಮ್ಮ ಅತ್ತೆಗೆ ಈಗ ಎಪ್ಪತ್ತೊಂಬತ್ತು. ಅರವತ್ತು ವರ್ಷ ಅಡಿಗೆ ಮಾಡಿದ ಅವರು ಹೊರಗಿನವರು ಮಾಡಿದ ದೋಸೆಯನ್ನು ಮದುವೆಮನೆಯ ಎಲೆಯ ಮೇಲೆ ಬಿಟ್ಟು ಇನ್ನೆಲ್ಲೂ ತಿಂದವರಲ್ಲ.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಒಂದು ಸಂಜೆ ಶಾಲೆಯಿಂದ ಬಂದು ಚಪ್ಪಲಿ ಬಿಡುತ್ತಿದ್ದೆ. ಅತ್ತೆ ಈಳಿಗೆಮಣೆಯ ಮುಂದೆ ಕೂತು ಹುರುಳಿಕಾಯಿ ಹೆಚ್ಚುತ್ತಿದ್ದರು. ತಲೆಯೆತ್ತದೆ ಕೇಳಿದರು.

"ಆ ಖಾರಾಬಾತಿಗೆ ಏನೇನ್ ಹಾಕ್ತಾರೆ?"

ಒಂದು ಚಪ್ಪಲಿ ಕಾಲಲ್ಲೇ ಉಳಿಯಿತು. ಯಾವ ಖಾರಾಬಾತು ಅಂತ ಕೇಳುವಷ್ಟು ಧೈರ್ಯವೂ ಬರಲಿಲ್ಲ. ಅವರು ಹುರುಳಿಕಾಯಿಯ ನಾರು ತೆಗೆಯುತ್ತಲೇ ಹೇಳಿದರು. ಮದುವೆಯಾದ ಮೊದಲ ವರ್ಷದಿಂದ ನನ್ನ ಸೆರಗಿನಲ್ಲಿ ಆ ವಾಸನೆ ಬರುತ್ತಿದೆಯಂತೆ. ಲವಂಗ, ಚಕ್ಕೆ, ಕಾದ ಡಾಲ್ಡಾ, ಜೊತೆಗೆ ಇನ್ನೊಂದೇನೋ. ಆ ಇನ್ನೊಂದು ಯಾವುದು ಅಂತ ಇಷ್ಟು ವರ್ಷ ಯೋಚಿಸಿದ್ದಾರಂತೆ, ಹೊಳೆದಿಲ್ಲವಂತೆ. ಬೈಯುವ ದನಿ ಅಲ್ಲವೇ ಅಲ್ಲ. ನನ್ನ ತರಗತಿಯಲ್ಲಿ ಕೆಲವು ಮಕ್ಕಳು ಸಂಶಯ ಕೇಳುತ್ತಾರಲ್ಲ, ಅದೇ ದನಿ.

ಪಾರ್ಸೆಲ್ ತರುತ್ತೇನೆ ಎಂದೆ. ಬೇಡವೆಂದರು. ಬಿಸಿಯಾಗಿಯೇ ನೋಡಬೇಕು, ಆರಿದ ಮೇಲೆ ಏನೂ ಗೊತ್ತಾಗುವುದಿಲ್ಲ ಎಂದರು.

ಶನಿವಾರ ಅರ್ಧ ದಿನದ ಶಾಲೆ. ಆಟೊದಲ್ಲಿ ಕರೆದುಕೊಂಡು ಹೋದೆ. ನನ್ನ ಯಜಮಾನರಿಗೆ ಮಾತ್ರ ಹೇಳಿದ್ದೆ. ಅವರು ನಂಬಲಿಲ್ಲ, ದೇವಸ್ಥಾನಕ್ಕಿರಬೇಕು ಅಂದುಕೊಂಡರು. ಅತ್ತೆ ಒಂಬತ್ತು ಗಜದ ಸೀರೆ ಬಿಟ್ಟು ಸಾದಾ ಸೀರೆ ಉಟ್ಟಿದ್ದರು, ಕೈಯಲ್ಲಿ ಮನೆಯಿಂದ ತಂದ ಚಮಚ.

ಒಂದು ವಿಷಯ ನಾನು ಯೋಚಿಸಿರಲೇ ಇಲ್ಲ. ಅಲ್ಲಿ ಕೂರಲು ಜಾಗವಿಲ್ಲ, ಎಲ್ಲರೂ ನಿಂತೇ ತಿನ್ನಬೇಕು. ನಿಂತು ತಿನ್ನುವ ಮೇಜು ಅತ್ತೆಯ ಗದ್ದದವರೆಗೆ ಬರುತ್ತಿತ್ತು. ಹೆಲ್ಮೆಟ್ ಹಿಡಿದು ಕಾಫಿ ಕುಡಿಯುತ್ತಿದ್ದವರೊಬ್ಬರು ಇದನ್ನು ನೋಡಿ, ಗಲ್ಲಾದವರನ್ನು ಕೇಳಿ ಒಳಗಿನಿಂದ ಪ್ಲಾಸ್ಟಿಕ್ ಕುರ್ಚಿ ತಂದುಕೊಟ್ಟರು. ಹೊರಗೆ ಹೊಂಗೆಮರದ ಕೆಳಗೆ ಕೂರಿಸಿ, ತಟ್ಟೆಯನ್ನು ಅವರ ಮಡಿಲಿನ ಹತ್ತಿರ ಹಿಡಿದುಕೊಂಡು ನಾನು ನಿಂತೆ.

ಅತ್ತೆ ಮೊದಲು ಮೂಸಿದರು. ಆಮೇಲೆ ಚಮಚದ ತುದಿಯಲ್ಲಿ ಒಂದಿಷ್ಟು ತೆಗೆದು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದರು. ರಸ್ತೆಯಲ್ಲಿ ಬಸ್ಸೊಂದು ಹಾರ್ನ್ ಮಾಡುತ್ತಲೇ ಇತ್ತು. ಅವರಿಗದು ಕೇಳಿಸಿದಂತೆ ಕಾಣಲಿಲ್ಲ.

"ವಾಂಗಿಬಾತ್ ಪುಡಿ ಕಣೆ," ಎಂದರು. "ಉಪ್ಪಿಟ್ಟಿಗೆ ವಾಂಗಿಬಾತ್ ಪುಡಿ ಹಾಕಿದಾರೆ. ಆ ಇನ್ನೊಂದು ವಾಸನೆ ಮರಾಠಿ ಮೊಗ್ಗು. ಇಷ್ಟೇನಾ?"

ಸ್ವಲ್ಪ ನಿರಾಸೆಯಾದಂತಿತ್ತು. ಆದರೂ ತಟ್ಟೆ ಖಾಲಿಯಾಯಿತು. ಚಟ್ನಿಯಲ್ಲಿ ಹುರಿಗಡಲೆ ಜಾಸ್ತಿ, ತೆಂಗಿನಕಾಯಿ ಬರೀ ಲೆಕ್ಕಕ್ಕೆ ಎಂದರು. ಕಾಫಿಯ ಬಗ್ಗೆ ಏನೂ ಹೇಳದೆ ಇನ್ನೊಂದು ತರಿಸಿಕೊಂಡರು. ಅದು ಅರ್ಧ ಮುಗಿದಾಗ, ನನ್ನ ಕಡೆ ನೋಡದೆ ಮಾತಾಡಿದರು.

"ನಿಮ್ಮ ಮಾವನವರ ಷರ್ಟಲ್ಲೂ ಇದೇ ವಾಸನೆ ಬರ್ತಿತ್ತು. ಆಫೀಸಿಂದ ಬಂದಾಗ. ವಾರಕ್ಕೊಂದು ಸಲ, ಕೆಲವು ವಾರ ಎರಡು ಸಲ."

ನೀವು ಕೇಳಲಿಲ್ಲವೇ ಎಂದೆ. ಕೇಳಲಿಲ್ಲ ಎಂದರು. ಡಬ್ಬಿ ಖಾಲಿಯಾಗಿಯೇ ಬರುತ್ತಿತ್ತು, ಮನೆಯ ಅಡಿಗೆ ಸೇರುವುದಿಲ್ಲ ಅನ್ನುವ ಹಾಗಿರಲಿಲ್ಲ. ಹಾಗಾದರೆ ಹೋಟೆಲಿನಲ್ಲಿ ಏನಿದೆ ಅನ್ನುವುದೊಂದೇ ಅವರ ತಲೆ ಕೊರೆಯುತ್ತಿದ್ದುದು. ಕೇಳಿಬಿಟ್ಟರೆ ಮಾವನವರಿಗೆ ಮುಖಭಂಗವಾಗುತ್ತದೆ, ಅದಕ್ಕೇ ಸುಮ್ಮನಿದ್ದರು. ಅಂದರೆ ಆ ನಿಯಮವನ್ನು ಮನೆಯಲ್ಲಿ ಪಾಲಿಸಿದವರು ಇವರೊಬ್ಬರೇ. ಅದಕ್ಕೆ ಅವರಿಗೇನೂ ಬೇಜಾರಾದಂತಿರಲಿಲ್ಲ. ಲೋಟವನ್ನು ನನ್ನ ಕೈಗೆ ಕೊಟ್ಟು, ಒಳಗೆ ಮಾಡುವವರು ಯಾರು, ಮಾತಾಡಿಸಬಹುದಾ ಎಂದು ಕೇಳಿದರು. ಆ ಹೊತ್ತಿಗೆ ಗಿರಾಕಿಗಳು ಜಾಸ್ತಿಯಾಗಿದ್ದರು, ಆಗಲಿಲ್ಲ.

ಮಾರನೆಯ ದಿನದಿಂದ ನಮ್ಮ ಅಡಿಗೆಮನೆಯಲ್ಲಿ ಪ್ರಯೋಗ ಶುರುವಾಯಿತು. ಪುಡಿ ಯಾವುದೆಂದು ಗೊತ್ತಾದರೂ ಹದ ಕೂಡಲಿಲ್ಲ. ಹೋಟೆಲಿನದು ಬಟ್ಟಲಿನಲ್ಲಿ ಒತ್ತಿ ಬೋರಲು ಹಾಕಿದರೆ ಗುಂಡಗೆ ನಿಲ್ಲುತ್ತದೆ, ಚಮಚ ಹಾಕಿದರೆ ಬೆಣ್ಣೆಯ ಹಾಗೆ ಬಿಡುತ್ತದೆ. ನಮ್ಮದು ಮೊದಲ ಸಲ ಉದುರುದುರಾಯಿತು. ಎರಡನೇ ಸಲ ನೀರು ಹೆಚ್ಚಿಸಿದ್ದಕ್ಕೆ ಅಂಬಲಿಯಂತಾಯಿತು. ಮೂರನೇ ಸಲ ಗಂಟು. ನನ್ನ ಯಜಮಾನರು ಮೂರನ್ನೂ ಬಾಯಿ ಮುಚ್ಚಿಕೊಂಡು ತಿಂದರು. ಅತ್ತೆ ಹೀಗೆ ಸೋತದ್ದನ್ನು ನಾನು ನೋಡಿದ್ದೇ ಮೊದಲು. ಬೇಜಾರಾಗುವ ಬದಲು ಅವರು ಬೆಳಿಗ್ಗೆ ಬೇಗ ಏಳತೊಡಗಿದರು.

ಎರಡು ವಾರದ ನಂತರ ಮತ್ತೆ ಹೋದೆವು. ಈ ಸಲ ಮೂರು ಗಂಟೆಗೆ, ಜನ ಇಲ್ಲದ ಹೊತ್ತು. ಅಡಿಗೆಯವರು ಐವತ್ತು ದಾಟಿದವರು, ಚನ್ನರಾಯಪಟ್ಟಣದ ಕಡೆಯವರು. ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡು ಹೊರಗೆ ಬಂದರು. ಏನೋ ದೂರು ಇದೆಯೆಂದು ಹೆದರಿದಂತಿತ್ತು. ಅತ್ತೆ ತಮ್ಮ ಮೂರೂ ಸೋಲನ್ನು ಒಂದೂ ಬಿಡದೆ ಒಪ್ಪಿಸಿದರು. ಅಡಿಗೆಯವರ ಮುಖ ಸಡಿಲವಾಯಿತು.

"ಅಮ್ಮಾ, ನೀವು ರವೆ ಎಷ್ಟೊತ್ತು ಹುರೀತೀರಾ?"

ಘಮ ಬರುವವರೆಗೆ ಎಂದರು ಅತ್ತೆ. ಸಾಲದು, ಘಮ ಬಂದ ಮೇಲೂ ಐದು ನಿಮಿಷ ಸಣ್ಣ ಉರಿಯಲ್ಲಿ ಬಿಡಬೇಕು, ಬಣ್ಣ ತಿರುಗಬಾರದು ಎಂದರು ಅಡಿಗೆಯವರು. ಒಂದು ಪಾವು ರವೆಗೆ ಮೂರು ಪಾವು ನೀರು, ಅದು ಕುದಿಯುತ್ತಲೇ ಇರಬೇಕು, ರವೆಯನ್ನು ಒಂದು ಕೈಯಲ್ಲಿ ಸುರಿಯುತ್ತಾ ಇನ್ನೊಂದರಲ್ಲಿ ತಿರುವಬೇಕು. ದಪ್ಪಮೆಣಸಿನಕಾಯಿ ಕೊನೆಗೆ, ಇಲ್ಲವಾದರೆ ಮೆತ್ತಗಾಗಿ ಕಹಿ ಬರುತ್ತದೆ. ಒಲೆ ಆರಿಸಿದ ಮೇಲೆ ಮುಚ್ಚಳ ಹಾಕಿ ಹತ್ತು ನಿಮಿಷ ಮುಟ್ಟಲೇಬಾರದು. ಇದೆಲ್ಲ ಹೇಳಿದ ಮೇಲೆ ಸ್ವಲ್ಪ ತಡೆದು, ಎಣ್ಣೆ ಎಷ್ಟು ಅಂತ ಕೈಸನ್ನೆಯಲ್ಲಿ ತೋರಿಸಿದರು. ಅತ್ತೆ ಸೌಟಿನಲ್ಲಾ ಎಂದು ಕೇಳಿದರು. ಅವರು ತಲೆಯಾಡಿಸಿ, ಸೌಟಿನಲ್ಲಲ್ಲ, ಲೋಟದಲ್ಲಿ ಎಂದರು.

ಅತ್ತೆಗೆ ನಗು ತಡೆಯಲಾಗಲಿಲ್ಲ. ಅಡಿಗೆಯವರೂ ನಕ್ಕರು. ಆಮೇಲೆ ಅವರು ಇನ್ನೊಂದು ವಿಷಯಕ್ಕೆ ಬಂದರು. ತಮ್ಮ ಪುಳಿಯೋಗರೆ ಗೊಜ್ಜು ನಾಲ್ಕನೇ ದಿನಕ್ಕೆ ಬೂಸಲು ಹಿಡಿಯುತ್ತದೆ, ದೊಡ್ಡವರು ಏನಾದರೂ ಹೇಳಬಹುದಾ ಎಂದರು. ಹುಣಿಸೆಹಣ್ಣನ್ನು ತಣ್ಣೀರಲ್ಲಿ ನೆನೆಸುತ್ತೀರಾ ಎಂದು ಅತ್ತೆ ಕೇಳಿದರು. ಹೌದಂತೆ. ಕುದಿಯುವ ನೀರಲ್ಲಿ ನೆನೆಸಿ, ಎಣ್ಣೆ ಮೇಲೆ ತೇಲಿ ಬರುವವರೆಗೆ ಕುದಿಸಿ, ಪೂರ್ತಿ ಆರಿದ ಮೇಲೆ ಒಣಗಿದ ಜಾಡಿಗೆ ತುಂಬಿ, ಒದ್ದೆ ಚಮಚ ಹಾಕಬೇಡಿ ಎಂದರು ಅತ್ತೆ. ಇಬ್ಬರೂ ಅರ್ಧ ಗಂಟೆ ಬೂಸಲಿನ ಬಗ್ಗೆಯೇ ಮಾತಾಡಿದರು. ಬೂಸಲಿನ ಪಾಠ ವರ್ಷಕ್ಕೊಮ್ಮೆ ಮಾಡುವ ನನ್ನನ್ನು ಇಬ್ಬರೂ ಏನೂ ಕೇಳಲಿಲ್ಲ.

ಆ ಭಾನುವಾರದ ಖಾರಾಬಾತು ಸರಿಯಾಗಿ ಬಂತು. ಅತ್ತೆ ಎಣ್ಣೆಯನ್ನು ಅಡಿಗೆಯವರು ಹೇಳಿದ್ದರಲ್ಲಿ ಕಾಲು ಭಾಗ ಹಾಕಿ ಮೇಲೆ ತುಪ್ಪ ಬಿಟ್ಟಿದ್ದರು. ನನ್ನ ಯಜಮಾನರು ಎರಡು ಸಲ ಬಡಿಸಿಕೊಂಡು, ಇನ್ನು ಹೋಟೆಲಿಗೆ ಹೋಗುವ ಕೆಲಸವಿಲ್ಲ ಎಂದರು. ಅತ್ತೆ ಒಪ್ಪಲಿಲ್ಲ.

"ಮನೇದೇ ಚೆನ್ನಾಗಿರೋದು, ಯಾರಿಲ್ಲ ಅಂದ್ರು? ಆದ್ರೆ ಅಲ್ಲಿ ಯಾರೋ ಮಾಡಿ ಕೊಡ್ತಾರೆ, ನಾನು ಕೂತ್ಕೊಂಡು ತಿಂತೀನಿ."

ಅವತ್ತು ಪಾತ್ರೆ ತೊಳೆದವರು ನನ್ನ ಯಜಮಾನರೇ.

ಈಗ ಶನಿವಾರವೆಂದರೆ ನಮ್ಮಿಬ್ಬರದು. ಬಸವನಗುಡಿಯಲ್ಲಿ ನಾಲ್ಕು ಹೋಟೆಲು ಮುಗಿಸಿದ್ದೇವೆ. ಒಂದರ ಸಾಂಬಾರಿನಲ್ಲಿ ಬೆಲ್ಲ ಅತಿಯಾಯಿತು ಎಂದು ಅತ್ತೆಯ ತೀರ್ಪು. ಇನ್ನೊಂದರ ಇಡ್ಲಿಗೆ ಸೋಡ ಹಾಕಿದ್ದಾರೆ, ತಿಂದ ಮೇಲೆ ನಾಲಿಗೆಯ ಹಿಂಬದಿ ಹೇಳುತ್ತದೆ ಎನ್ನುತ್ತಾರೆ. ನನಗೆ ಅಷ್ಟು ಗೊತ್ತಾಗುವುದಿಲ್ಲ. ಈ ತಿಂಗಳು ಮಲ್ಲೇಶ್ವರಕ್ಕೆ ಕಾಲಿಟ್ಟಿದ್ದೇವೆ. ಕೂರಲು ಬೆಂಚಿರುವ ಹಳೇ ಹೋಟೆಲೊಂದರಲ್ಲಿ ಮೊನ್ನೆ ದೋಸೆ ಬಂದಾಗ ಅತ್ತೆ ಅದರ ಅಂಚು ಮುರಿದು ಬೆಳಕಿಗೆ ಹಿಡಿದು ನೋಡಿದರು. ಬಣ್ಣ ಬರಲು ಕಡಲೆಬೇಳೆ ಹಾಕಿದ್ದೀರಾ, ಸಕ್ಕರೆ ಹಾಕಿದ್ದೀರಾ ಎಂದು ತಂದವರನ್ನು ಕೇಳಿದರು. ಇಪ್ಪತ್ತು ವರ್ಷದಿಂದ ಇಲ್ಲೇ ಇದ್ದರೂ ತಮಗೆ ಗೊತ್ತಿಲ್ಲ ಎಂದು ಅವರು ನಾಚಿಕೊಂಡರು. ವಿಚಾರಿಸಿಕೊಂಡು ಬರುತ್ತೇನೆಂದು ಒಳಗೆ ಹೋದರು. ದೋಸೆ ಆರುತ್ತಿದೆ, ತಿನ್ನಿ ಎಂದು ನಾನು ಹೇಳಿದೆ. ಅತ್ತೆ ಅಡಿಗೆಮನೆಯ ಬಾಗಿಲ ಕಡೆಗೇ ತಿರುಗಿ ಕೂತಿದ್ದರು.