ನೀಲಾ ಟೀಚರ್ ಬಿಟ್ಟುಕೊಡದ ಹುಲ್ಲು

ನೀಲಾ ಟೀಚರ್ ಯಾರನ್ನೇ ಕಂಡರೂ ಮೊದಲು ನೋಡುತ್ತಿದ್ದದ್ದು ಮುಖವನ್ನಲ್ಲ, ಬೂಟಿನ ತಳವನ್ನು. ನಾವು ಬಂದು ನೆಲೆಸಿದ ಈ ಪರದೇಶದ ಊರಿನ ಪಾರ್ಕಿನ ಮೂಲೆಯಲ್ಲಿರುವ ಲಾನ್ ಬೌಲ್ಸ್ ಕ್ಲಬ್ಬಿನ ಗೇಟಿನಲ್ಲಿ ನಿಂತು "ಕಾಲ ಎತ್ತು" ಎನ್ನುತ್ತಿದ್ದರು. ತಳ ಸಪಾಟಾಗಿದ್ದರೆ ಒಳಗೆ. ಇಲ್ಲದಿದ್ದರೆ ಯಾವ ಕಂಪನಿಯ ಡೈರೆಕ್ಟರ್ ಆದರೂ ಹೊರಗೆ.

ಆಟ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಚಾಪೆ ಹಾಸಿದಂತೆ ಕತ್ತರಿಸಿದ ಹುಲ್ಲಿನ ಮೇಲೆ ಸುಲಿದ ತೆಂಗಿನಕಾಯಿ ಗಾತ್ರದ ಭಾರದ ಚೆಂಡನ್ನು ಉರುಳಿಸಿ, ದೂರದ ಪುಟ್ಟ ಬಿಳಿ ಚೆಂಡಿನ ಹತ್ತಿರ ನಿಲ್ಲಿಸಬೇಕು. ಅಷ್ಟೇ. ಯಾರೂ ಓಡುವುದಿಲ್ಲ, ಯಾರೂ ಕಿರುಚುವುದಿಲ್ಲ.

ಗದಗಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಮೂವತ್ತು ವರ್ಷ ಪಿ.ಟಿ. ಟೀಚರ್ ಆಗಿದ್ದ ಇವರು ಮಗಳ ಮನೆಗೆ ಬಂದ ಹೊಸತರಲ್ಲಿ ಆ ಗೇಟು ತೆಗೆದು, "ನಾನೂ ಒಂದ್ ಒಗೀಲೇನು?" ಅಂತ ಕೇಳಿದ್ದರಂತೆ. ಕ್ಲಬ್ಬಿನ ಅಧ್ಯಕ್ಷ ಡಾನ್, ಎಂಬತ್ತು ದಾಟಿದ ಸಾಧು ಮನುಷ್ಯ, ಕನ್ನಡ ತಿಳಿಯದಿದ್ದರೂ ನಕ್ಕು ಚೆಂಡು ಕೊಟ್ಟ. ಟೀಚರ್ ಅದನ್ನು ಕತ್ತಿನ ಹತ್ತಿರ ಹಿಡಿದು, ಒಂದು ಸುತ್ತು ತಿರುಗಿ, ಗುಂಡು ಎಸೆತದಂತೆ ಎಸೆದೇಬಿಟ್ಟರು. ಹುಲ್ಲಿನಲ್ಲಿ ಬಟ್ಟಲಿನಷ್ಟು ಗುಂಡಿ. ಡಾನ್ ತಲೆಮೇಲೆ ಕೈ ಹೊತ್ತು ಕೂತ. ಮರುದಿನ ಬೆಳಿಗ್ಗೆ ಟೀಚರ್ ಮರಳು, ತಂಬಿಗೆ ಹಿಡಿದು ಹಾಜರು. ಹುಲ್ಲು ಮತ್ತೆ ಚಿಗುರುವ ತನಕ ದಿನಾ ನೀರು ಹಾಕಿದರು. ಅಷ್ಟರಲ್ಲಿ ಮೆಂಬರೂ ಆಗಿದ್ದರು.

ಆಮೇಲೆ ಅವರ ಕಣ್ಣು ಬಿದ್ದದ್ದು ತಿಂಗಳುಗಟ್ಟಲೆ ಮಕ್ಕಳ ಮನೆಯಲ್ಲಿರಲು ಬಂದು ಪಾರ್ಕ್ ಸುತ್ತುವ ನಮ್ಮ ದೇಶದ ಅಪ್ಪ-ಅಮ್ಮಂದಿರ ಮೇಲೆ.

"ಆರು ತಿಂಗಳಾ ಪ್ರದಕ್ಷಿಣಿ ಹಾಕಾಕ ಇದೇನು ಗುಡಿ ಏನ್ರೀ? ಒಳಗ ಬರ್ರಿ."

"ನನಗೆ ಮಂಡಿನೋವು ಕಣಮ್ಮ," ಎಂದರು ಮಂಡ್ಯದ ನಿವೃತ್ತ ಹೆಡ್ಮಾಸ್ತರರು.

"ಹಂಗಾರ ಅಳತಿ ಟೇಪ್ ಹಿಡಿದು ಯಾರ ಚೆಂಡು ಹತ್ರ ಐತಿ ಅಂತ ಹೇಳ್ರಿ. ಬಾಯಿಗೇನೂ ನೋವಿಲ್ಲಲಾ?"

ಶನಿವಾರಗಳಂದು ಡಾನ್‌ನ ಸ್ಯಾಂಡ್‌ವಿಚ್ಚಿನ ಪಕ್ಕ ಜೋಳದ ರೊಟ್ಟಿ ಕೂತಿತು. ಹೆಂಡತಿಯನ್ನು ಕಳೆದುಕೊಂಡಿದ್ದ ಆತ ಶೇಂಗಾ ಚಟ್ನಿಗೆ ಸೋತುಹೋದ.

ಅಷ್ಟರಲ್ಲಿ ಸಿಟಿಯವರ, ಅಂದರೆ ನಗರಸಭೆಯವರ, ಪ್ರಸ್ತಾಪ ಬಂತು: ನಾಲ್ಕು ಮುದುಕರಿಗೆ ಇಷ್ಟು ಜಾಗ, ಇಷ್ಟು ನೀರು ದಂಡ, ಕ್ಲಬ್ ಮುಚ್ಚಿ ಟೆನಿಸ್ಸಿನ ತಮ್ಮನಂಥ ಪಿಕಲ್‌ಬಾಲ್ ಆಟಕ್ಕೆ ಕೋರ್ಟ್ ಮಾಡೋಣ. ಕೌನ್ಸಿಲ್ ಮೀಟಿಂಗಿನಲ್ಲಿ ಸಾರ್ವಜನಿಕರಿಗೆ ತಲಾ ಎರಡು ನಿಮಿಷ. ಅನುವಾದಕರು ಬೇಕಾದವರಿಗೆ ನಾಲ್ಕು. ಟೀಚರ್ ಅದನ್ನು ಓದಿಕೊಂಡು, ಅವರ ಮಗಳ ಗೆಳತಿಯಾದ ನನಗೆ ಫೋನ್ ಮಾಡಿದರು.

"ಸುಮಾ, ನೀ ನನ್ನ ಟ್ರಾನ್ಸ್‌ಲೇಟರ್."

"ನಿಮಗೆ ಇಂಗ್ಲಿಷ್ ಬರುತ್ತಲ್ಲ ಟೀಚರ್?"

"ಬರ್ತದ. ಆದ್ರ ನನ್ನ ಸಿಟ್ಟು ಎರಡು ನಿಮಿಷದಾಗ ಮುಗಿಯಂಗಿಲ್ಲ."

ಮೈಕಿನ ಮುಂದೆ ಅವರು ಹೇಳಿದ್ದು ಇಷ್ಟು: "ಈ ಊರಾಗ ನನಗ ಕಾರಿಲ್ಲ, ವೋಟಿಲ್ಲ. ಮನ್ಯಾಗ ನಾ ಬರೇ ಅಜ್ಜಿ. ಆ ಗೇಟಿನ ಒಳಗ ಮಾತ್ರ ಬೋರ್ಡಿನ ಮ್ಯಾಲೆ ನನ್ನ ಹೆಸರು ಬರೀತಾರ, ಸೋತ್ರ ಬೈತಾರ. ಅದನ್ನೂ ಕಸಗೊಂತೀರಿ. ನಾವು ಸಾಯೂದನ್ನ ಕಾಯಕತ್ತೀರೇನು?"

ಕೊನೆಯ ಸಾಲಿಗೆ ನಾನು ಹೆದರಿದೆ. "ಹಿರಿಯರ ಬಗ್ಗೆ ಅವರಿಗೆ ಕಾಳಜಿ" ಎಂದು ಇಂಗ್ಲಿಷಿನಲ್ಲಿ ನಯವಾಗಿ ಮುಗಿಸಿದೆ. ಟೀಚರ್ ಮೈಕು ಕಿತ್ತುಕೊಂಡರು.

"ನೋ. ಐ ಆಸ್ಕ್ಡ್, ಆರ್ ಯೂ ವೇಟಿಂಗ್ ಫಾರ್ ಅಸ್ ಟು ಡೈ?"

ಹಿಂದಿನ ಸಾಲಿನಿಂದ ಡಾನ್ ಚಪ್ಪಾಳೆ ತಟ್ಟಿದ, ಎಲ್ಲರೂ ಎದ್ದರು. ಒಂದು ವರ್ಷದ ಗಡುವು ಸಿಕ್ಕಿತು. ಅಷ್ಟರಲ್ಲಿ ಸದಸ್ಯರು ಹೆಚ್ಚಿದರೆ ಹುಲ್ಲು ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ.

ನಾನು ಆ ಕಥೆಯನ್ನು ಪೋಸ್ಟ್ ಮಾಡಿ ಸಾವಿರಾರು ಲೈಕು ಗಿಟ್ಟಿಸಿದೆ. ಟೀಚರ್ ಒಂದೂ ಲೈಕ್ ಒತ್ತಲಿಲ್ಲ.

ಗಡುವಿಗೆ ಮೂರು ತಿಂಗಳಿರುವಾಗ ಅವರ ಹೃದಯ ಕೈಕೊಟ್ಟಿತು. ಆಸ್ಪತ್ರೆಗೆ ಹೋದೆ. ಮೂಗಿಗೆ ನಳಿಕೆ, ಆದರೂ ದಿಂಬಿನಡಿಯಿಂದ ಒಂದು ಫಾರ್ಮ್ ಎಳೆದರು.

"ಸಹಿ ಮಾಡು."

"ಟೀಚರ್, ನನಗೆಲ್ಲಿ ಟೈಮು? ಆಫೀಸು, 680 ಹೆದ್ದಾರಿಯ ಟ್ರಾಫಿಕ್ಕು..."

"ಯವ್ವಾ, ನನ್ನ ಬಗ್ಗೆ ಬರಿಯಾಕ ಟೈಮ್ ಐತಿ, ನನ್ನ ಕೂಡ ಆಡಾಕ ಇಲ್ಲೇನು? ಊರಿಗೆಲ್ಲಾ ಹೇಳಿದಿ, ನೀನ ಮೆಂಬರ್ ಆಗಿಲ್ಲ. ನಾಚಿಕಿ ಬರಂಗಿಲ್ಲೇನು?"

ಬಂತು. ಸಹಿ ಮಾಡಿದೆ. ಮುಂದಿನ ವಾರ ಅವರು ಹೋಗಿಬಿಟ್ಟರು.

ಈಗ ಪ್ರತಿ ಶನಿವಾರ ಆಡುತ್ತೇನೆ, ಬಹಳ ಕೆಟ್ಟದಾಗಿ. ಹೋದ ವಾರ ಸಿಟಿಯಿಂದ ಒಬ್ಬ ಹುಡುಗಿ ಕ್ಲಿಪ್‌ಬೋರ್ಡ್ ಹಿಡಿದು ಸದಸ್ಯರ ತಲೆ ಎಣಿಸಲು ಬಂದಿದ್ದಳು. ಹೆಡ್ಮಾಸ್ತರರು, ಡಾನ್, ಎವರ್‌ಗ್ರೀನ್ ಬಡಾವಣೆಯಿಂದ ಬಂದ ಮೂವರು ಅತ್ತೆಯಂದಿರು, ಎಲ್ಲರೂ ಸಾಲಾಗಿ ನಿಂತೆವು. ಅವಳು ಬೇಗ ಬೇಗ ಎಣಿಸಿ ನಾನು ಬರೀ ಆಟ ನೋಡಲು ಬಂದವಳೆಂದುಕೊಂಡು ನನ್ನನ್ನು ದಾಟಿ ಹೋದಳು.

"ಹಲೋ," ಎಂದು ಕರೆದೆ. "ನನ್ನ ಬಿಟ್ರಿ. ವಾಪಸ್ ಬಂದು ಎಣಿಸಿ."