ಸೀಜರ್‌ಗೆ ಬಂದ ಸಂಬಂಧ

ಹೋದ ತಿಂಗಳು ನಮ್ಮ ಮನೆಯ ಗಂಡಿಗೆ ಹೊಳೆನರಸೀಪುರದಲ್ಲಿ ಹೆಣ್ಣು ಗೊತ್ತಾಯಿತು.

ಗಂಡು ಸೀಜರ್. ವಯಸ್ಸು ನಾಲ್ಕು, ಕಾಲೂ ನಾಲ್ಕು. ಲ್ಯಾಬ್ರಡಾರ್. ಹೆಣ್ಣು ರಾಣಿ, ಅಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಪುಟ್ಟಸ್ವಾಮಿಯವರ ಮನೆಯವಳು. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಹೋಗಿಬಂದು ಎರಡೂ ಕಡೆ ಒಪ್ಪಿಗೆಯಾಗಿತ್ತು. ಇನ್ನೂ ಹುಟ್ಟದ ಮರಿಗಳಿಗೆ ಬುಕಿಂಗ್ ಬೇರೆ! ಅರಕಲಗೂಡಿನ ಭಾವಮೈದನಿಗೆ ಒಂದು, ಚನ್ನರಾಯಪಟ್ಟಣದ ಷಡ್ಡಕನಿಗೆ ಎರಡು.

ಅಷ್ಟರಲ್ಲಿ ಸೀಜರ್ ಮುಸ್ಸಂಜೆ ಹೊತ್ತು ಟೀಪಾಯಿಗೆ ಗುದ್ದಿಕೊಳ್ಳತೊಡಗಿದ.

ಮೊದಲ ಸಲ, ಏನೋ ಯೋಚನೆಯಲ್ಲಿದ್ದಾನೆ ಅಂದುಕೊಂಡೆ. (ಮದುವೆ ಗೊತ್ತಾದ ಗಂಡು, ಪಾಪ.) ಎರಡನೇ ಸಲ ಗೇಟಿನ ಕಂಬಕ್ಕೇ ಹಣೆ ಕೊಟ್ಟ. ನನ್ನ ನಿದ್ದೆ ಹೋಯಿತು. ಸಣ್ಣ ತಲೆನೋವು ಬಂದರೂ ಉಯಿಲು ಬರೆಯುವ ಯೋಚನೆ ಮಾಡುವ ಆಸಾಮಿ ನಾನು. ಅವನನ್ನು ಆಟೋ ಹತ್ತಿಸಿಕೊಂಡು ಡಾಕ್ಟರ ಬಳಿ ಓಡಿದೆ.

ಅವರು ಕಣ್ಣಿಗೆ ಲೈಟು ಬಿಟ್ಟು ತುಂಬ ಹೊತ್ತು ನೋಡಿದರು.

"ಅಪ್ಪ-ಅಮ್ಮನಿಂದ ಬಂದಿರೋ ಕಾಯಿಲೆ. ಕಣ್ಣೊಳಗಿನ ಪರದೆ ನಿಧಾನಕ್ಕೆ ಸವೀತದೆ. ಮೊದಲು ಮಬ್ಬಲ್ಲಿ ಕಾಣಲ್ಲ, ಆಮೇಲೆ ಹಗಲಲ್ಲೂ ಕಾಣಲ್ಲ. ನೋವಿರಲ್ಲ. ಔಷಧಿನೂ ಇಲ್ಲ."

"ಈಗೇನ್ ಮಾಡೋದು ಡಾಕ್ಟ್ರೇ?"

"ಮನೆ ಸಾಮಾನು ಅತ್ತಿತ್ತ ಜರುಗಿಸ್ಬೇಡಿ. ಮೂಗಿದೆ, ಕಿವಿಯಿದೆ, ಅವನು ನಿಭಾಯಿಸ್ಕೋತಾನೆ. ನೀವು ಸ್ವಲ್ಪ ಗಾಬರಿ ಕಮ್ಮಿ ಮಾಡ್ಕೊಳ್ಳಿ. ಮರಿ ಮಾತ್ರ ಮಾಡಿಸ್ಬೇಡಿ, ಅವಕ್ಕೂ ಬರಬಹುದು."

ಗಾಬರಿ ಕಮ್ಮಿಯಾಗುವುದುಂಟೇ? ಹೈಸ್ಕೂಲಿನಿಂದ ಕನ್ನಡಕ ಹಾಕುತ್ತಿರುವ ನಾನು ಅವತ್ತೇ ಸಂಜೆ ಲೈಟು ಆರಿಸಿ ನನ್ನ ಕಣ್ಣನ್ನೂ ಟೆಸ್ಟ್ ಮಾಡಿದೆ. ಅದೇ ಟೀಪಾಯಿ ಮೊಣಕಾಲಿಗೆ ಸಿಕ್ಕಿತು. ಸೀಜರ್ ಬಂದು ಮೂಸಿ ನೋಡಿ ಹೋದ.

ಸರಿ, ಹೆಣ್ಣಿನ ಕಡೆಯವರಿಗೆ ಹೇಳುವುದು ಹೇಗೆ? ಹುಡುಗನ ಹೆಸರು ಕೆಡುವುದಿಲ್ಲವೇ? ಹೇಳದೇ ಇದ್ದುಬಿಟ್ಟರೆ? ನೋಡುವುದಕ್ಕೆ ಕಣ್ಣು ಫಳಫಳ ಅನ್ನುತ್ತಿದೆ, ಯಾರಿಗೆ ಗೊತ್ತಾಗುತ್ತದೆ? ಎರಡು ದಿನ ಒದ್ದಾಡಿದೆ. ಕೊನೆಗೆ, ಮೂರು ತಾಲ್ಲೂಕಿನ ಟೀಪಾಯಿಗಳಿಗೆ ಮರಿಗಳು ಸಾಲಾಗಿ ಗುದ್ದಿಕೊಳ್ಳುವ ಚಿತ್ರ ಕಣ್ಣಮುಂದೆ ಬಂತು. ಫೋನ್ ಮಾಡಿದೆ.

"ಅಷ್ಟೇನಾ ಸಾ?" ಪುಟ್ಟಸ್ವಾಮಿ ನಕ್ಕರು. "ನಮ್ ಮನೇಲಿ ಎಲ್ರಿಗೂ ಸೋಡಾಬುಡ್ಡಿ ಕನ್ನಡಕ. ಯಾರ್ ಮದ್ವೆ ನಿಂತೋಯ್ತು ಯೋಳಿ?"

"ನಾಯಿಗೆ ಕನ್ನಡಕ ಆಗಲ್ಲ ಸ್ವಾಮಿ. ಪೂರ್ತಿ ಕಾಣದಂಗಾಗ್ತದಂತೆ. ಮರಿಗೂ ಬರಬಹುದಂತೆ."

ಪುಟ್ಟಸ್ವಾಮಿ ನಗು ನಿಲ್ಲಿಸಿದರು.

"ಅಂಗಾರೆ ಬ್ಯಾಡ ಬುಡಿ. ಬೇಜಾರ್ ಮಾಡ್ಕಬ್ಯಾಡಿ. ಆದ್ರೂ ಗಂಡಿನ ಕಡೆಯೋರು ಇಂಗೆ ಬಾಯ್ಬುಟ್ಟು ಐಬು ಯೋಳಿದ್ನ ನಾ ಎಲ್ಲೂ ಕಂಡಿಲ್ಲ ಕಣ ಸಾ!"

ನನ್ನ ಎದೆ ಎರಡಿಂಚು ಉಬ್ಬಿತು. ಅಡುಗೆಮನೆಯಿಂದ ಹೆಂಡತಿಯನ್ನು ಕರೆದು ಸಣ್ಣ ಭಾಷಣವನ್ನೇ ಬಿಗಿದೆ. ಸಂಬಂಧ ಬೆಳೆಸುವಾಗ ಮುಚ್ಚುಮರೆ ಇರಬಾರದು. ಅದರಲ್ಲೂ ಕಣ್ಣಿನ ವಿಷಯ ಮುಚ್ಚಿಡುವುದು ಶುದ್ಧ ಮೋಸ, ಇತ್ಯಾದಿ.

ಅವಳು ಸೀಜರ್ ತಲೆ ಸವರುತ್ತಾ ಪೂರ್ತಿ ಕೇಳಿಸಿಕೊಂಡಳು.

"ಅದ್ಸರಿ ರೀ, ನನ್ನ ನೋಡಕ್ಕೆ ಬಂದ ದಿನ, ಕಾಫಿ ತಂದ ನಮ್ಮ ಚಿಕ್ಕಮ್ಮನ್ನ ನೋಡಿ 'ಹುಡುಗಿ ಒಪ್ಪಿಗೆ' ಅಂದ್ರಲ್ಲ, ಅವತ್ತು ನಿಮ್ಮ ಕನ್ನಡಕ ಎಲ್ಲಿತ್ತು?"

ನಮ್ಮಪ್ಪನ ಜೇಬಿನಲ್ಲಿ.